ಸ್ಯಾಂಡರ್ಸನ್ನನ ಕೋವಿ

ಕನ್ನಡ ನಿಘಂಟುಗಳ ಚರಿತ್ರೆಯನ್ನು ಬಲ್ಲವರಿಗೆ ಸ್ಯಾಂಡರ್ಸನ್ ಎಂಬ ಹೆಸರು ಹೊಸದಲ್ಲ. ವಿಲಿಯಂ ರೀವ್ ಅವರು 1832ರಲ್ಲಿ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ತಿದ್ದಿ ಬೆಳೆಸಿ, 1858ರಲ್ಲಿ ಬೆಂಗಳೂರಿನಿಂದ ಮತ್ತೆ ಪ್ರಕಟಿಸಿದವರು ರೆವರೆಂಡ್ ಡೇನಿಯಲ್ ಸ್ಯಾಂಡರ್ಸನ್. ಅದಕ್ಕೆ ಆರು ವರ್ಷ ಮೊದಲು, ಎಂದರೆ 1852ರಲ್ಲಿ, ಲಕ್ಷ್ಮೀಶನ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದದೊಡನೆ, ಟಿಪ್ಪಣಿಗಳೊಡನೆ ಅಚ್ಚು ಮಾಡಿಸಿದವರೂ ಅವರೇ. 1894ರಲ್ಲಿ ಕಿಟ್ಟೆಲ್ ಅವರ ಮಹಾಕೋಶ ಹೊರಬರುವ ತನಕ ಕನ್ನಡ ಕಲಿಯಬಯಸಿದ ಪರದೇಶದವರ ಮೇಜಿನ ಮೇಲೆ ಸ್ಯಾಂಡರ್ಸನ್ ಅವರ ಪರಿಷ್ಕಾರಕ್ಕೆ ಒಂದು ಗೌರವದ ಸ್ಥಾನವಿತ್ತು. ವೆಸ್ಲಿಯನ್ ಮಿಷನ್ನಿನ ಈ ಪಾದ್ರಿಗಳಿಗೆ ಒಬ್ಬ ಮಗನಿದ್ದನೆಂಬುದೂ, ತಂದೆಯು ಪದಗಳನ್ನು ಅರಸಿದ ನಾಡಿನಲ್ಲಿಯೇ ಆತನು ಆನೆಗಳನ್ನು ಅರಸಿ, ತಂದೆಗಿಂತಲೂ ಮಿಗಿಲಾದ ಲೋಕಪ್ರಸಿದ್ಧಿಯನ್ನು ಪಡೆದನೆಂಬುದೂ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಆ ಮಗನೇ ಜಾರ್ಜ್ ಪೆರೆಸ್ ಸ್ಯಾಂಡರ್ಸನ್.

ನನಗೆ ಮಗನ ಪರಿಚಯವಾದದ್ದು ತಂದೆಯ ಮೂಲಕ. ನಿಘಂಟಿನ ಬೆನ್ನು ಹಿಡಿದು ಹೋದವನಿಗೆ, ಅದೇ ಹೆಸರಿನವನೊಬ್ಬ ಬರೆದ ಬೇಟೆಯ ಪುಸ್ತಕ ಎದುರಾಯಿತು. 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಗ್ರಂಥದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಭಾರತದ ಕಾಡುಮೃಗಗಳ ನಡುವೆ ಹದಿಮೂರು ವರ್ಷ ಎನ್ನಬಹುದು. ಬೇಟೆಯ ಕಥೆಗಳಲ್ಲಿ ನನಗೆ ಅಂಥ ಅಭಿರುಚಿ ಇರಲಿಲ್ಲ. ಆದರೆ ಪುಟ ತಿರುವಿದಂತೆ ಕಂಡದ್ದು ಆಫ್ರಿಕವೂ ಅಲ್ಲ, ಬಂಗಾಳವೂ ಅಲ್ಲ. ನಾನು ಪ್ರತಿದಿನವೂ ಬೆಳಗಿನಲ್ಲಿ ನೋಡುವ ಬಿಳಿಗಿರಿರಂಗನ ಬೆಟ್ಟದ ಸಾಲು. ಇಂಗ್ಲಿಷ್ ಅಕ್ಷರಗಳ ವೇಷದಲ್ಲಿದ್ದರೂ ಊರುಗಳ ಹೆಸರು ನಮ್ಮವೇ. ಅಲ್ಲಿ ಓಡಾಡುವ ಜನರು ನಮ್ಮ ಸೋಲಿಗರು, ನಮ್ಮ ಕುರುಬರು. ಅಂದಿನಿಂದ ಈ ಮನುಷ್ಯನ ಬಗ್ಗೆ ನನ್ನ ಮನಸ್ಸಿನಲ್ಲಿ ಎರಡು ಭಾವಗಳು ಜೊತೆಜೊತೆಯಾಗಿಯೇ ಬೆಳೆದಿವೆ. ಅವನ ಕಣ್ಣಿನ ಬಗೆಗೆ ಮೆಚ್ಚಿಗೆ, ಅವನ ಕೋವಿಯ ಬಗೆಗೆ ಸಂಕಟ. ಈ ಎರಡರ ಲೆಕ್ಕವನ್ನು ಒಮ್ಮೆ ನೇರವಾಗಿ ನೋಡಿಕೊಳ್ಳಬೇಕೆಂಬುದೇ ಈ ಬರಹದ ಉದ್ದೇಶ.

ಜಾರ್ಜ್ ಸ್ಯಾಂಡರ್ಸನ್ ಹುಟ್ಟಿದ್ದು 1848ರಲ್ಲಿ, ಭಾರತದಲ್ಲಿಯೇ. ಆ ಕಾಲದ ಪಾದ್ರಿಗಳ ಮಕ್ಕಳಂತೆ ಅವನನ್ನೂ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿನ ಬಂಧುಗಳಲ್ಲಿಗೆ ಕಳುಹಿಸಿದರು. ಷೆಫೀಲ್ಡಿನ ವೆಸ್ಲಿ ಕಾಲೇಜಿನಲ್ಲಿ ಓದಿ, 1864ರಲ್ಲಿ, ಹದಿನಾರು ವರ್ಷದ ಹುಡುಗನಾಗಿ ಮೈಸೂರು ಸೀಮೆಗೆ ಮರಳಿದನು. ತಂದೆಯ ಪಾಂಡಿತ್ಯವು ಅವನಿಗೆ ಬರಲಿಲ್ಲ. ಆದರೆ ತಂದೆಯ ಭಾಷೆ ಬಂತು. ಕನ್ನಡವನ್ನು ಶ್ರಮವಹಿಸಿ ಕಲಿತು, ಹಳ್ಳಿಯವರೊಡನೆ ಹಳ್ಳಿಯವನಂತೆ ಮಾತನಾಡುವಷ್ಟು ಪಳಗಿದನು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದಿತು. ಅವನಿಗೆ ದೊರೆತ ಕೆಲಸ ನದೀ ಕಾಲುವೆಗಳ ಮೇಲ್ವಿಚಾರಣೆ. ಮುಂದೆ 700 ಮೈಲಿಗೂ ಮಿಕ್ಕ ಉದ್ದದ ಕಾಲುವೆಗಳ ಹೊಣೆ ಅವನ ಮೇಲೆ ಬಿತ್ತು. ತೂಬು, ಏರಿ, ಹೂಳು, ನೀರಿನ ಸರದಿ ಎಂದು ಊರಿಂದೂರಿಗೆ ಕುದುರೆಯ ಮೇಲೆ ಅಲೆಯುವ ಈ ಉದ್ಯೋಗವು ಅವನನ್ನು ಕಾಡಿನ ಅಂಚಿಗೆ ಒಯ್ದಿತು.

ಆ ಅಂಚೆಂದರೆ ನಮ್ಮ ಚಾಮರಾಜನಗರದ ಸೀಮೆ. 1818ರವರೆಗೆ ಅರಿಕುಠಾರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಪಟ್ಟಣಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನಿಟ್ಟರು. ಅಲ್ಲಿಂದ ಐದಾರು ಕಿಲೋಮೀಟರ್ ದೂರದಲ್ಲಿ, ಸತ್ಯಮಂಗಲದ ಘಟ್ಟಕ್ಕೆ ಹೋಗುವ ದಾರಿಯಲ್ಲಿ, ಹರದನಹಳ್ಳಿ. ದಿವ್ಯಲಿಂಗೇಶ್ವರನ ಗುಡಿಯ ಊರು. ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳ ಜನ್ಮಸ್ಥಳವೆಂದು ಪರಂಪರೆಯು ನೆನೆಯುವ ಊರು. ಅಲ್ಲಿಂದ ಮೂಡಣಕ್ಕೆ ಮುಖಮಾಡಿ ನಿಂತರೆ ಹೊಲಗಳಾಚೆ ಕಾಡು, ಕಾಡಿನಾಚೆ ಬೆಟ್ಟ. ಸುವರ್ಣಾವತಿ ಎಂಬ ಸಂಸ್ಕೃತದ ಹೆಸರನ್ನು ಹೊತ್ತ ಹೊನ್ನುಹೊಳೆ ಆ ಕಡೆಯಿಂದಲೇ ಇಳಿದು ಬಂದು ಗದ್ದೆಗಳಿಗೆ ನೀರುಣಿಸುತ್ತದೆ. ಮಳೆಗಾಲ ಬಂದು ಹುಲ್ಲು ಚಿಗುರಿದೊಡನೆ ಆನೆಯ ಹಿಂಡುಗಳು ಬೆಟ್ಟವಿಳಿಯುತ್ತವೆ. ಹೊಳೆಯ ನೀರು ಎಲ್ಲಿಗೆ ಹರಿದಿದೆಯೋ ಅಲ್ಲಿಗೆ ಆನೆಯೂ ಬರುತ್ತದೆ. ಈ ಸೀಮೆಯ ರೈತನಿಗೆ ಹೊಳೆಯೂ ಆನೆಯೂ ಒಂದೇ ದಿಕ್ಕಿನಿಂದ ಬಂದ ವರ ಮತ್ತು ಶಾಪ. ಕಾಲುವೆಯ ಅಧಿಕಾರಿಯಾದ ಸ್ಯಾಂಡರ್ಸನ್ನನು ತಾನು ಮೋರ್ಲೆ ಎಂದು ಬರೆದಿರುವ ಹಳ್ಳಿಯಲ್ಲಿ, ಚಾಮರಾಜನಗರಕ್ಕೆ ಸಮೀಪದಲ್ಲಿ, ತನಗೊಂದು ಬಂಗಲೆಯನ್ನು ಕಟ್ಟಿಕೊಂಡು, ಈ ದಿಕ್ಕನ್ನೇ ನೋಡುತ್ತ ಕುಳಿತನು.

ಅವನು ಮೊದಲು ಬೇಟೆಗಾರ, ಆಮೇಲೆ ಮಿಕ್ಕದ್ದೆಲ್ಲ. ಅದನ್ನು ಮುಚ್ಚಿ ಹೇಳುವುದು ನ್ಯಾಯವಲ್ಲ. ಆನೆ, ಹುಲಿ, ಚಿರತೆ, ಕರಡಿ, ಕಾಡುಕೋಣ ಇವೆಲ್ಲ ಅವನ ಕೋವಿಗೆ ಬಲಿಯಾದವು. ಆದರೆ ಅವನ ಪುಸ್ತಕವನ್ನು ಅದೇ ಕಾಲದ ಇತರ ದೊರೆಗಳ ಬೇಟೆಯ ಪುಸ್ತಕಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಅವನಿಗೆ ಕೊಂದ ಲೆಕ್ಕಕ್ಕಿಂತ ಕಂಡ ಲೆಕ್ಕ ದೊಡ್ಡದು. ಒಂದು ಪ್ರಾಣಿಯನ್ನು ಕುರಿತು ಹತ್ತು ಮಂದಿ ಒಂದೇ ಮಾತನ್ನು ಹೇಳಿದ್ದರೂ ತಾನು ನೋಡದೆ ಅದನ್ನು ಒಪ್ಪುವವನಲ್ಲ. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿಸಿದರೆ ಅದರ ಎತ್ತರ ಸಿಗುತ್ತದೆಂಬುದನ್ನು ಅವನು ಅಳೆದು ನೋಡಿಯೇ ಬರೆದನು. ಆನೆಯ ಬುದ್ಧಿಶಕ್ತಿಯ ವಿಷಯವಾಗಿ ಲೋಕದಲ್ಲಿ ಹಬ್ಬಿದ್ದ ಅದ್ಭುತ ಕಥೆಗಳಲ್ಲಿ ಬಹುಪಾಲನ್ನು ತಳ್ಳಿಹಾಕಿ, ಆ ಪ್ರಾಣಿಯ ನಿಜವಾದ ಗುಣವು ಜಾಣತನವಲ್ಲ, ವಿಧೇಯತೆ ಎಂದು ನಿರ್ಣಯಿಸಿದನು. ಈ ನಿರ್ಣಯವನ್ನು ಇಂದಿನ ವಿಜ್ಞಾನಿಗಳು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೆ ಕೇಳಿದ್ದನ್ನು ಕಂಡದ್ದರಿಂದ ಒರೆಹಚ್ಚುವ ಅವನ ರೀತಿಯನ್ನು ಒಪ್ಪುತ್ತಾರೆ.

ಕೋವಿಯ ವಿಷಯದಲ್ಲಿಯೂ ಅವನ ರೀತಿ ಇದೇ. ಸರ್ವಕ್ಕೂ ಒದಗುವ ಒಂದೇ ಕೋವಿ ಎಂಬುದುಂಟೇ ಎಂಬ ಪ್ರಶ್ನೆ ಅಂದಿನ ಬೇಟೆಗಾರರನ್ನು ಬಹುವಾಗಿ ಕಾಡುತ್ತಿತ್ತು. ಹೊಸದಾಗಿ ಹಡಗಿನಿಂದಿಳಿದ ಪ್ರತಿಯೊಬ್ಬ ತರುಣನಿಗೂ ಒಂದೇ ಆಯುಧದಿಂದ ಜಿಂಕೆಯಿಂದ ಹಿಡಿದು ಆನೆಯವರೆಗೆ ಎಲ್ಲವನ್ನೂ ಗೆಲ್ಲುವ ಆಸೆ. ಇಲ್ಲಿ ಕೋವಿಯ ಅಳತೆಯ ವಿಷಯವಾಗಿ ವಾಚಕರಿಗೆ ಒಂದು ಮಾತು ಹೇಳಬೇಕು. ಆ ಕಾಲದ ಕೋವಿಗಳನ್ನು ನಳಿಗೆಯ ಬೋರಿನಿಂದ ಗುರುತಿಸುತ್ತಿದ್ದರು. ಒಂದು ಪೌಂಡು ಸೀಸದಿಂದ ನಳಿಗೆಗೆ ಸರಿಹೊಂದುವ ಎಷ್ಟು ಗುಂಡುಗಳಾಗುತ್ತವೆಯೋ ಅದೇ ಬೋರಿನ ಸಂಖ್ಯೆ. ಹನ್ನೆರಡು ಬೋರಿನ ಗುಂಡು ಸುಮಾರು 38 ಗ್ರಾಂ ತೂಗಿದರೆ, ಎಂಟು ಬೋರಿನದು 57 ಗ್ರಾಂ. ನಾಲ್ಕು ಬೋರಿನದು 113 ಗ್ರಾಂ. ಸಂಖ್ಯೆ ಇಳಿದಂತೆ ಗುಂಡು ಬೆಳೆಯುತ್ತದೆ.

ಜಿಂಕೆಗೆ, ಹುಲಿಗೆ ಆಗ ಎಕ್ಸ್‌ಪ್ರೆಸ್ ಎಂದು ಹೆಸರಾಗಿದ್ದ ಹಗುರವಾದ ರೈಫಲುಗಳು ಬಳಕೆಗೆ ಬಂದಿದ್ದವು. ಅವುಗಳ ಗುಂಡು ಸಣ್ಣದು, ವೇಗ ಹೆಚ್ಚು. ಮೆತ್ತನೆಯ ಮೈಯನ್ನು ಹೊಕ್ಕೊಡನೆ ಅರಳಿ ದೊಡ್ಡ ಗಾಯವನ್ನು ಮಾಡುತ್ತದೆ. ಅದೇ ಗುಂಡು ಆನೆಯ ತಲೆಬುರುಡೆಗೆ ತಾಕಿದರೆ ಅಲ್ಲಿಯೇ ಚೂರಾಗುತ್ತದೆ. ಏಕೆಂದರೆ ಆನೆಯ ಹಣೆಯೆಂಬುದು ಜೇನುಹುಟ್ಟಿನಂತೆ ಪೊಳ್ಳುಪೊಳ್ಳಾದ ದಪ್ಪ ಮೂಳೆಯ ಗೋಡೆ. ಅದರ ಹಿಂದೆ ಎಲ್ಲಿಯೋ ಆಳದಲ್ಲಿ, ದೇಹಕ್ಕೆ ಹೋಲಿಸಿದರೆ ಚಿಕ್ಕದಾದ ಮಿದುಳು. ಅಲ್ಲಿಗೆ ಮುಟ್ಟಬೇಕಾದರೆ ಗುಂಡಿಗೆ ತೂಕ ಬೇಕು, ಗಟ್ಟಿತನ ಬೇಕು. ಹನ್ನೆರಡು ಬೋರಿನಿಂದ ತೊಡಗಿದ ಸ್ಯಾಂಡರ್ಸನ್ನನು ಕ್ರಮೇಣ ಎಂಟಕ್ಕೆ, ನಾಲ್ಕಕ್ಕೆ ಬಂದನು. ಎಂಟು ಕಿಲೋಗ್ರಾಮಿನ ಆಸುಪಾಸು ತೂಗುವ, ಒಂದು ಈಡಿಗೆ ಹದಿನೇಳು ಹದಿನೆಂಟು ಗ್ರಾಂ ಕರಿಮದ್ದನ್ನು ನುಂಗುವ ಆ ಕೋವಿಗಳು ಕೋವಿಗಳಾಗಿರಲಿಲ್ಲ, ಹೆಗಲ ಮೇಲೆ ಹೊರುವ ಫಿರಂಗಿಗಳಾಗಿದ್ದವು. ಭಾರಿ ಮೃಗದೆದುರಿಗೆ ಫಿರಂಗಿಯ ಜಾತಿಯ ಆಯುಧವಿಲ್ಲದೆ ನಿಲ್ಲಬಾರದೆಂಬುದು ಅವನ ಅಭಿಪ್ರಾಯವೂ ಆಗಿತ್ತು. ನಳಿಗೆಯೂ ಒಂಟಿಯಾಗಿರಬಾರದು, ಜೋಡಿಯಾಗಿರಬೇಕು. ತೋಟಾ ಒಮ್ಮೆ ಹಾರದೆ ಹೋದರೆ, ಹತ್ತು ಹೆಜ್ಜೆಯ ದೂರದಿಂದ ನುಗ್ಗಿ ಬರುವ ಸಲಗವು ಮತ್ತೊಂದನ್ನು ತುಂಬುವವರೆಗೆ ಕಾದು ನಿಲ್ಲುವುದಿಲ್ಲ.

ಈ ವಿವರಗಳು ರಕ್ತದ ವಾಸನೆಯುಳ್ಳವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇವುಗಳ ಹಿಂದೆ ಒಂದು ನೀತಿಯಿದೆ. ಸಣ್ಣ ಕೋವಿಯಿಂದ ಹೊಡೆಯಿಸಿಕೊಂಡ ಆನೆ ಸಾಯುವುದಿಲ್ಲ. ಗುಂಡನ್ನು ಮೈಯಲ್ಲಿಟ್ಟುಕೊಂಡು ಕಾಡು ಸೇರಿ, ಹುಣ್ಣಾಗಿ, ಕೀವಾಗಿ, ಹುಚ್ಚಾಗಿ, ಮುಂದೆ ದಾರಿಹೋಕರ ಮೇಲೆ ತಿರುಗಿ ಬೀಳುತ್ತದೆ. ಬೇಟೆಗಾರನ ಅನುಕೂಲಕ್ಕಾಗಿ ಆರಿಸಿದ ಹಗುರ ಕೋವಿಯ ಬೆಲೆಯನ್ನು ಆನೆಯೂ ತೆರುತ್ತದೆ, ಆ ದಾರಿಯಲ್ಲಿ ಸೌದೆ ತರಲು ಹೋದ ಬಡ ಹೆಂಗಸೂ ತೆರುತ್ತಾಳೆ. ಆಯುಧದ ಆಯ್ಕೆಯೆಂಬುದು ಕೇವಲ ರುಚಿಯ ಪ್ರಶ್ನೆಯಲ್ಲ, ಹೊಣೆಯ ಪ್ರಶ್ನೆ. ಎಲ್ಲಕ್ಕೂ ಒದಗುತ್ತದೆಂದು ಹೇಳುವ ಆಯುಧವು ಯಾವುದಕ್ಕೂ ಸರಿಯಾಗಿ ಒದಗುವುದಿಲ್ಲ ಎಂಬುದೇ ಅವನ ಅನುಭವದ ಸಾರವೆಂದು ನಾನು ತಿಳಿದಿದ್ದೇನೆ.

ಇನ್ನೊಂದು ಸಂಗತಿ, ಸದ್ದು. ಕರಿಮದ್ದಿನ ಕೋವಿ ಹಾರಿತೆಂದರೆ ಬೆಟ್ಟದಿಂದ ಬೆಟ್ಟಕ್ಕೆ ಗುಡುಗು ಉರುಳುತ್ತಿತ್ತು; ಹೊಗೆಯು ಹೊಡೆದವನ ಕಣ್ಣನ್ನೇ ಮುಚ್ಚಿ, ಆನೆ ಬಿತ್ತೋ ಎದುರಿಗೆ ಬಂತೋ ಎಂಬುದು ಕೂಡ ಕ್ಷಣಕಾಲ ತಿಳಿಯುತ್ತಿರಲಿಲ್ಲ. ಸದ್ದಿಲ್ಲದ ಕೋವಿ ಆಗ ಯಾರ ಕನಸಿನಲ್ಲಿಯೂ ಇರಲಿಲ್ಲ. ಸ್ಯಾಂಡರ್ಸನ್ನನು ಸತ್ತ ಹದಿನೇಳು ವರ್ಷದ ಮೇಲೆ, 1909ರಲ್ಲಿ, ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬಾತನು ಕೋವಿಯ ಸೈಲೆನ್ಸರಿಗೆ ಪೇಟೆಂಟನ್ನು ಪಡೆದನು. ನಳಿಗೆಯ ತುದಿಗೆ ಸಿಕ್ಕಿಸಿದ ಕೊಳವೆಯೊಳಗೆ, ಗುಂಡಿನ ಹಿಂದೆ ನುಗ್ಗುವ ಬಿಸಿ ಹೊಗೆಯನ್ನು ಸುತ್ತಿಸುತ್ತಿಸಿ, ಅದರ ಒತ್ತಡವನ್ನು ತಗ್ಗಿಸಿ ಹೊರಗೆ ಬಿಡುವುದೇ ಅದರ ತಂತ್ರ. ವಿಧಿಯ ವಿನೋದವನ್ನು ನೋಡಿರಿ: 1884ರ ಹೊತ್ತಿಗೆ ಮ್ಯಾಕ್ಸಿಮ್ ಗನ್ ಎಂಬ ಯಂತ್ರದ ಕೋವಿಯನ್ನು ನಿರ್ಮಿಸಿ, ಅದರ ಆರ್ಭಟವನ್ನು ಕೇಳಿ ಕೇಳಿ ಕಿವುಡಾದ ಸರ್ ಹೈರಮ್ ಮ್ಯಾಕ್ಸಿಮ್ ಈತನ ತಂದೆ. ತಂದೆಯು ಲೋಕಕ್ಕೆ ಕೊಟ್ಟ ಸದ್ದನ್ನು ಅಡಗಿಸಲು ಮಗನು ಹೊರಟನು.

ಆದರೆ ಹಳೆಯ ಪ್ರಶ್ನೆ ಅಲ್ಲಿಯೂ ಬಿಡಲಿಲ್ಲ. ಪಿಸ್ತೂಲಿಗೂ, ಸಬ್ ಮಷೀನ್ ಗನ್ನಿಗೂ, ದಪ್ಪ ಗುಂಡಿಗೂ, ಸಣ್ಣ ಗುಂಡಿಗೂ ಒಂದೇ ಸೈಲೆನ್ಸರ್ ಸಾಲದೇ ಎಂದು ಇಂದಿನವರು ಕೇಳುತ್ತಾರೆ. ಉತ್ತರವೂ ಹಳೆಯದೇ. ದಪ್ಪ ಗುಂಡಿಗೆಂದು ಅಗಲಿಸಿದ ದ್ವಾರದಲ್ಲಿ ಸಣ್ಣ ಗುಂಡಿನ ಹೊಗೆಯು ಬೇಗ ಹೊರನುಗ್ಗಿ ಸದ್ದು ಮಾಡುತ್ತದೆ; ಎಡೆಬಿಡದೆ ಹಾರುವ ಕೋವಿಯ ಕಾವನ್ನು ತಡೆಯುವಂತೆ ಗಟ್ಟಿಯಾಗಿ ಮಾಡಿದರೆ ಪಿಸ್ತೂಲಿನ ಮೂತಿಗೆ ಅದು ಭಾರವಾಗುತ್ತದೆ. ಇಷ್ಟಾಗಿಯೂ ಶಬ್ದದ ವೇಗವನ್ನು ಮೀರಿದ ಗುಂಡು ಗಾಳಿಯನ್ನು ಸೀಳುವ ಸಿಡಿಲಿನಂಥ ಸಪ್ಪಳವನ್ನು ಯಾವ ಕೊಳವೆಯೂ ತಡೆಯಲಾರದು. ನಮ್ಮ ದೇಶದ ಕಾನೂನು ಇಂಥ ಸಾಧನವನ್ನು ಸಾಮಾನ್ಯರ ಕೈಗೆ ಕೊಡದಿರುವುದು ಒಳ್ಳೆಯದೆಂದೇ ನನ್ನ ಎಣಿಕೆ. ಕಾಡಿನಲ್ಲಿ ಕೋವಿಯ ಸದ್ದೆಂಬುದು ಒಂದು ಸಾಕ್ಷಿ. ಮಿಕ್ಕ ಪ್ರಾಣಿಗಳಿಗೆ ಅದು ಎಚ್ಚರಿಕೆ, ಕಾಡು ಕಾಯುವವನಿಗೆ ಅದು ಕರೆ. ಆ ಸಾಕ್ಷಿಯೂ ಇಲ್ಲವಾದರೆ ಕಳ್ಳಬೇಟೆಗಾರನಿಗೆ ಹಿಡಿಯುವವರಾರು?

ಸದ್ದಿನ ಈ ಮಾತನ್ನು ನಾನು ಬೆಳೆಸಿದ್ದಕ್ಕೆ ಕಾರಣವುಂಟು. ಸ್ಯಾಂಡರ್ಸನ್ನನ ಜೀವನದ ದೊಡ್ಡ ತಿರುವು ಬಂದದ್ದು ಗುಂಡಿನಿಂದಲ್ಲ, ಸದ್ದಿನಿಂದ.

1873ರ ಹೊತ್ತಿಗೆ ಆನೆಗಳ ವಿಷಯದಲ್ಲಿ ದಕ್ಷಿಣದ ಸರ್ಕಾರಗಳ ಮನಸ್ಸು ಬದಲಾಗುತ್ತಿತ್ತು. ಬೆಳೆ ತುಳಿಯುವ ಆನೆಯನ್ನು ಕೊಂದವರಿಗೆ ಬಹುಮಾನ ಕೊಡುತ್ತಿದ್ದ ಮದರಾಸು ಸರ್ಕಾರವೇ ಆ ವರ್ಷ ಕಾಡಾನೆಗಳನ್ನು ಮನಬಂದಂತೆ ಕೊಲ್ಲಬಾರದೆಂದು ಕಾಯಿದೆಯನ್ನು ಮಾಡಿತು. ಆದರೆ ರೈತನ ಸಂಕಟ ಕಾಯಿದೆಯಿಂದ ನೀಗುವುದಿಲ್ಲ. ಆನೆಯನ್ನು ಕೊಲ್ಲಕೂಡದು, ಬಿಟ್ಟರೆ ಬೆಳೆ ಉಳಿಯದು. ಈ ಇಕ್ಕಟ್ಟಿನಲ್ಲಿ ಸ್ಯಾಂಡರ್ಸನ್ನನು ಸರ್ಕಾರದ ಮುಂದೆ ಹೊಸದೊಂದು ಸಲಹೆಯನ್ನಿಟ್ಟನು. ಹಿಂಡಿಗೆ ಹಿಂಡನ್ನೇ ಜೀವಂತವಾಗಿ ಹಿಡಿದು ಪಳಗಿಸುವುದು. ಬಂಗಾಳದಲ್ಲಿ ಖೆಡ್ಡಾ ಎಂಬ ಹೆಸರಿನಲ್ಲಿ ಈ ಪದ್ಧತಿಯಿತ್ತು. ಮೈಸೂರಿನಲ್ಲಿ ಗುಂಡಿ ತೋಡಿ ಒಂದೊಂದಾಗಿ ಕೆಡವುವ ಕ್ರಮವಷ್ಟೇ ರೂಢಿಯಲ್ಲಿತ್ತು. ಗುಂಡಿಗೆ ಬಿದ್ದ ಆನೆಗಳಲ್ಲಿ ಎಷ್ಟೋ ಕಾಲು ಮುರಿದುಕೊಂಡು ಸಾಯುತ್ತಿದ್ದವು. ನೂರು ವರ್ಷ ಹಿಂದೆ ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಹಿಂಡನ್ನು ಹಿಡಿಯಲು ಯತ್ನಿಸಿ ಸೋತು, ಇದು ಯಾರಿಂದಲೂ ಆಗದ ಕೆಲಸವೆಂದೂ, ಮುಂದೆ ಇದಕ್ಕೆ ಕೈಹಾಕುವವರಿಗೆ ಶಾಪ ತಗಲಲೆಂದೂ ಕಲ್ಲಿನಲ್ಲಿ ಬರೆಯಿಸಿಟ್ಟಿದ್ದನೆಂದು ಸ್ಯಾಂಡರ್ಸನ್ನನು ಹೇಳುತ್ತಾನೆ. ಕಾಲುವೆಯ ಅಧಿಕಾರಿಯೊಬ್ಬನು, ಖೆಡ್ಡಾವನ್ನು ಕಣ್ಣಿನಿಂದ ಕಾಣದವನು, ಆ ಶಾಪವನ್ನು ದಾಟಲು ಹೊರಟನು.

ಮೊದಲ ಸಲ ಹಿಂಡು ತಪ್ಪಿಸಿಕೊಂಡಿತು. ನಗುವವರು ನಕ್ಕರು. 1874ರ ಜೂನ್ ತಿಂಗಳಲ್ಲಿ, ಮಳೆ ಬಿದ್ದು ಆನೆಗಳು ಬೆಟ್ಟವಿಳಿದ ಹೊತ್ತಿನಲ್ಲಿ, ಹೊನ್ನುಹೊಳೆಯ ಬದಿಯ ಕರಡಿಹಳ್ಳಿಯ ಹತ್ತಿರ ಅವನು ಮತ್ತೆ ಸಿದ್ಧನಾದನು. ಆನೆಯ ಜಾಡನ್ನು ಓದಬಲ್ಲ ಸೋಲಿಗರೂ ಕುರುಬರೂ ಮುಂದಾಳುಗಳು. ಸುತ್ತಲಿನ ಹಳ್ಳಿಗಳಿಂದ ಕರೆತಂದ ನೂರಾರು ರೈತರು ಸೋವುವವರು. ಹಿಂಡು ಹೊಕ್ಕ ಕಾಡಿನ ತುಣುಕಿನ ಸುತ್ತ ಜನರ ಬಳಸು. ಹಗಲು ತಮಟೆ, ಕೊಂಬು, ಕೇಕೆ. ರಾತ್ರಿ ಹೆಜ್ಜೆಗೊಂದು ಬೆಂಕಿ. ಒಳಗೆ ಕಂದಕ, ಕಂದಕದ ನಡುವೆ ಮರದ ದಿಮ್ಮಿಗಳನ್ನು ನೆಟ್ಟು ಕಟ್ಟಿದ ದೊಡ್ಡಿ, ದೊಡ್ಡಿಗೆ ಹಗ್ಗ ಕತ್ತರಿಸಿದೊಡನೆ ಧೊಪ್ಪನೆ ಬೀಳುವ ಬಾಗಿಲು. ಇಲ್ಲಿಯೂ ಕೋವಿಗಳು ಹಾರಿದವು. ಆದರೆ ಅವುಗಳಲ್ಲಿ ಮದ್ದಿದ್ದಿತು, ಗುಂಡಿರಲಿಲ್ಲ. ಆನೆಯ ಹಣೆಯನ್ನು ಸೀಳಲೆಂದು ಕೋವಿಯ ತೂಕವನ್ನು ಗ್ರಾಮು ಗ್ರಾಮಾಗಿ ಎಣಿಸಿದ್ದವನು ಈಗ ಅದರ ದನಿಯೊಂದನ್ನೇ ಬಳಸಿಕೊಂಡನು. ಐವತ್ತಕ್ಕೂ ಹೆಚ್ಚು ಆನೆಗಳು ಮರಿಗಳೊಡನೆ ದೊಡ್ಡಿಯನ್ನು ಹೊಕ್ಕವು. ಬಾಗಿಲು ಬಿತ್ತು. ಮೈಸೂರು ಸೀಮೆಯಲ್ಲಿ ಒಂದು ಹಿಂಡಿಗೆ ಹಿಂಡೇ ಸೆರೆಯಾದದ್ದು ಅದೇ ಮೊದಲು.

ಇದು ಬರಿಯ ಉಪಾಯದ ಗೆಲವಲ್ಲ, ಭಾಷೆಯ ಗೆಲವೂ ಹೌದು. ಸೋಲಿಗನು ಹುಲ್ಲಿನ ಬಾಗುವಿಕೆಯನ್ನು ನೋಡಿ ಹೇಳಿದ ಮಾತನ್ನು ದುಭಾಷಿಯ ಮೂಲಕ ಕೇಳಿದ್ದರೆ ಹಿಂಡು ಎರಡನೆಯ ಸಲವೂ ತಪ್ಪಿಸಿಕೊಳ್ಳುತ್ತಿತ್ತು. ನೂರಾರು ಜನ ರಾತ್ರಿಯೆಲ್ಲ ಬೆಂಕಿ ಕಾಯುತ್ತ, ಭಯವನ್ನು ನುಂಗಿಕೊಂಡು ನಿಂತದ್ದು ಕೂಲಿಯೊಂದಕ್ಕೇ ಅಲ್ಲ. ತಮ್ಮ ಮಾತಿನಲ್ಲಿಯೇ ತಮ್ಮನ್ನು ಹುರಿದುಂಬಿಸಿದವನ ಮೇಲಿನ ನಂಬಿಕೆಗೂ. ತಂದೆಯು ಅಕಾರಾದಿಯಾಗಿ ಜೋಡಿಸಿದ ಕನ್ನಡವು ಮಗನಿಗೆ ಕಾಡಿನ ನಡುವೆ ಹೀಗೆ ಒದಗಿತು. ತನ್ನ ಬೇಟೆಯ ಜೊತೆಗಾರರಾದ ಸೋಲಿಗ ಕುರುಬರ ಜಾಣ್ಮೆಯನ್ನು ಅವನು ಮುಕ್ತಕಂಠದಿಂದ ಕೊಂಡಾಡಿದ್ದಾನೆ. ಕೊಂಡಾಟವು ದೊರೆಯ ಕೊಂಡಾಟವೇ ನಿಜ. ಆದರೂ ಅವರನ್ನು ಬರಿಯ ಹೊರೆಯಾಳುಗಳೆಂದು ಕಾಣುತ್ತಿದ್ದವರ ನಡುವೆ ಅದು ಅಪರೂಪದ ಮಾತು.

ಸೆರೆಸಿಕ್ಕ ಆನೆಗಳನ್ನು ಮಾರಿ, ಖರ್ಚು ಕಳೆದು, ಸರ್ಕಾರಕ್ಕೆ ಲಾಭವಾಯಿತು. ಸ್ಯಾಂಡರ್ಸನ್ನನ ಹೆಸರು ಹಬ್ಬಿತು. ಮರುವರ್ಷ ಅವನನ್ನು ಬಂಗಾಳಕ್ಕೆ ಕರೆಯಿಸಿಕೊಂಡು, ಢಾಕಾದ ಆನೆ ಹಿಡಿಯುವ ಇಲಾಖೆಯನ್ನು ಕೆಲಕಾಲ ಒಪ್ಪಿಸಿದರು. ಗಾರೋ ಬೆಟ್ಟಗಳಲ್ಲಿಯೂ ಚಿತ್ತಗಾಂಗಿನ ಕಾಡುಗಳಲ್ಲಿಯೂ ಅವನು ಖೆಡ್ಡಾ ನಡೆಸಿದನು. ಇಂಗ್ಲೆಂಡಿನ ಪತ್ರಿಕೆಗಳು ಅವನನ್ನು ಆನೆಗಳ ರಾಜನೆಂದು ಕರೆದವು. ರಡ್ಯರ್ಡ್ ಕಿಪ್ಲಿಂಗನು ಮಾವುತನ ಮಗ ತೂಮಾಯಿಯ ಕಥೆಯಲ್ಲಿ ಚಿತ್ರಿಸಿದ ಪೀಟರ್ಸನ್ ಸಾಹೇಬನಿಗೆ ಸ್ಯಾಂಡರ್ಸನ್ನನೇ ಮೂಲವಿರಬೇಕೆಂದು ಹಲವರ ಊಹೆ. 1894ರ ಜಂಗಲ್ ಬುಕ್ಕಿನಲ್ಲಿ ಸೇರಿ ಲೋಕದ ಮಕ್ಕಳೆಲ್ಲ ಓದಿದ ಕಥೆಯೊಂದರ ಬೇರು ನಮ್ಮ ಹೊನ್ನುಹೊಳೆಯ ದಂಡೆಯವರೆಗೆ ಚಾಚಿರಬಹುದೆಂದು ತಿಳಿದಾಗ ವಿದ್ಯಾರ್ಥಿಗಳ ಕಣ್ಣು ಅರಳುವುದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ.

ಅವನ ಪುಸ್ತಕದಲ್ಲಿ ನನಗೆ ಅತ್ಯಂತ ಅನಿರೀಕ್ಷಿತವಾಗಿ ಕಂಡ ಭಾಗವು ಹುಲಿಯನ್ನು ಕುರಿತದ್ದು. ಅಯ್ಯನಪುರದ ಕಡೆಯ ಹಳ್ಳಿಗಳನ್ನು ನಡುಗಿಸಿದ್ದ ನರಭಕ್ಷಕ ಹೆಣ್ಣುಹುಲಿಯೊಂದನ್ನು ಅವನೇ ಕೊಂದು ಜನರ ಭಯವನ್ನು ನೀಗಿದನು. ಹಾಗಿದ್ದೂ ಹುಲಿಯ ಕುಲವನ್ನೇ ಅಳಿಸಬೇಕೆಂಬ ಅಂದಿನ ಕೂಗಿಗೆ ಅವನು ದನಿಗೂಡಿಸಲಿಲ್ಲ. ಹುಲಿಯು ಜಿಂಕೆಯನ್ನೂ ಕಾಡುಹಂದಿಯನ್ನೂ ಮಿತಿಯಲ್ಲಿಟ್ಟು ರೈತನ ಬೆಳೆಯನ್ನು ಕಾಯುತ್ತದೆಂದೂ, ವಿಷವಿಟ್ಟು, ಬಹುಮಾನವೊಡ್ಡಿ ಅದನ್ನು ನಿರ್ಮೂಲ ಮಾಡುವುದು ಅವಿವೇಕವೆಂದೂ ವಾದಿಸಿದನು. ಮನುಷ್ಯನನ್ನು ತಿನ್ನುವ ಒಂದು ಹುಲಿಗೂ, ತನ್ನ ಪಾಡಿಗೆ ತಾನಿರುವ ನೂರು ಹುಲಿಗಳಿಗೂ ವ್ಯತ್ಯಾಸವನ್ನು ಕಾಣಬಲ್ಲ ವಿವೇಕ ಅವನಿಗಿತ್ತು. ಕೋವಿ ಹಿಡಿದವನ ಬಾಯಿಂದ, ನೂರೈವತ್ತು ವರ್ಷದಷ್ಟು ಹಿಂದೆ, ಈ ಮಾತು ಬಂದಿತೆಂಬುದನ್ನು ಮರೆಯಬಾರದು.

ಇಷ್ಟನ್ನು ಹೇಳಿದ ಮೇಲೆ ಲೆಕ್ಕದ ಇನ್ನೊಂದು ಪುಟವನ್ನೂ ತೆರೆಯಬೇಕು. ಖೆಡ್ಡಾ ಎಂಬುದು ಕೊಲ್ಲದ ಬೇಟೆಯೇ ಹೊರತು ಹಿಂಸೆಯಿಲ್ಲದ ಬೇಟೆಯಲ್ಲ. ದೊಡ್ಡಿಯಲ್ಲಿ ಸಿಕ್ಕಿಬಿದ್ದ ಹಿಂಡು ದಿಗಿಲುಬಿದ್ದು ಒಂದನ್ನೊಂದು ತುಳಿಯುತ್ತಿತ್ತು. ಪಳಗಿದ ಆನೆಗಳ ಮೇಲೆ ಕುಳಿತ ಮಾವುತರು ಒಳಹೊಕ್ಕು, ಹಿಂಗಾಲುಗಳಿಗೆ ಹಗ್ಗದ ಕುಣಿಕೆಯನ್ನು ತೊಡಿಸಿ, ಒಂದೊಂದನ್ನಾಗಿ ಮರಕ್ಕೆ ಬಿಗಿಯುತ್ತಿದ್ದರು. ಹಗ್ಗ ಮಾಂಸಕ್ಕೆ ಇಳಿದು ಹುಣ್ಣಾಗಿ, ಮೇವು ಬಿಟ್ಟು, ಸೆರೆಯ ಮೊದಲ ತಿಂಗ
ಳುಗಳಲ್ಲಿಯೇ ಸತ್ತ ಆನೆಗಳೂ ಇದ್ದವು. ತಾಯಿಯಿಂದ ಅಗಲಿದ ಮರಿಗಳೂ ಇದ್ದವು. ಸ್ಯಾಂಡರ್ಸನ್ನನು ಇದನ್ನು ಅರಿಯದವನಲ್ಲ. ಕೊಲ್ಲುವುದಕ್ಕಿಂತ ಹಿಡಿಯುವುದು ಮೇಲೆಂಬ ನಂಬಿಕೆಯಿಂದ ಅವನು ಅದನ್ನು ಸಹಿಸಿಕೊಂಡನು. ಅವನ ಕಾಲದ ತಕ್ಕಡಿಯಲ್ಲಿ ಅದು ದಯೆಯೇ ಆಗಿತ್ತು. ನಮ್ಮ ಕಾಲದ ತಕ್ಕಡಿ ಬೇರೆ.

ಅವನ ಕೊನೆಯ ವರ್ಷಗಳು ಮೈಸೂರಿನ ಸೇವೆಯಲ್ಲಿಯೇ ಕಳೆದವು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಅರಮನೆಗೆ ಬಂದ ದೊಡ್ಡ ಅತಿಥಿಗಳಿಗೆ ಖೆಡ್ಡಾವನ್ನು ತೋರಿಸುವುದು ಒಂದು ಸಂಪ್ರದಾಯವಾಯಿತು. ಹೈದರನು ಸೋತ ಕಾಕನಕೋಟೆಯ ಕಾಡಿನಲ್ಲಿಯೂ, ಕಬಿನಿಯ ದಂಡೆಯಲ್ಲಿ, ಸ್ಯಾಂಡರ್ಸನ್ನನ ಪದ್ಧತಿ ಬೇರೂರಿತು. ಆದರೆ ಮಲೆಗಾಡಿನ ಜ್ವರವೂ ಎಡೆಬಿಡದ ತಿರುಗಾಟವೂ ಅವನ ಮೈಯನ್ನು ಒಳಗೊಳಗೇ ತಿಂದಿದ್ದವು. ಶ್ವಾಸಕೋಶದ ಕಾಯಿಲೆಯಿಂದ ಬಳಲಿ, 1892ರ ಮೇ ತಿಂಗಳಲ್ಲಿ, ಮದರಾಸಿನಲ್ಲಿ ತೀರಿಕೊಂಡನು. ನಲವತ್ತನಾಲ್ಕರ ಆಸುಪಾಸಿನ ವಯಸ್ಸು. ಬೇರೆಯವರ ಬದುಕಿನಲ್ಲಿ ಕೆಲಸವು ಹದಕ್ಕೆ ಬರುವ ಹೊತ್ತು.

ಅವನು ತೊಡಗಿಸಿದ ಖೆಡ್ಡಾ ಅವನಿಗಿಂತ ಎಂಬತ್ತು ವರ್ಷ ಹೆಚ್ಚು ಬಾಳಿತು. ಕಾಕನಕೋಟೆಯಲ್ಲಿ 1971ರಲ್ಲಿ ನಡೆದದ್ದೇ ಕೊನೆಯದು. ಅದಾಗಿ ಮೂರು ವರ್ಷಕ್ಕೆ ಕಬಿನಿ ಅಣೆಕಟ್ಟು ಮುಗಿದು, ಖೆಡ್ಡಾ ನಡೆದ ನೆಲವು ಜಲಾಶಯದಡಿಗೆ ಸೇರಿತು. 1977ರಲ್ಲಿ ಆನೆಯನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಗೆ ಸೇರಿಸಿ ಅತ್ಯುನ್ನತ ರಕ್ಷಣೆಯನ್ನು ಕೊಟ್ಟರು. ಸ್ಯಾಂಡರ್ಸನ್ನನು ಅಲೆದಾಡಿದ ಬಿಳಿಗಿರಿರಂಗನ ಬೆಟ್ಟವು 2011ರಿಂದ ಹುಲಿಗಳಿಗೆ ಮೀಸಲಾದ ಕಾಡು. ಕರ್ನಾಟಕದಲ್ಲಿ ಈಗ ಆರು ಸಾವಿರದಷ್ಟು ಕಾಡಾನೆಗಳಿವೆ. ಭಾರತದ ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ.

ಆದರೆ ಅವನ ಪ್ರಶ್ನೆ ಮುಗಿದಿಲ್ಲ. ಆನೆಯನ್ನು ಕೊಲ್ಲಕೂಡದು, ಬಿಟ್ಟರೆ ಬೆಳೆ ಉಳಿಯದು ಎಂಬ 1873ರ ಇಕ್ಕಟ್ಟು ಇಂದಿಗೂ ಕಾಡಂಚಿನ ರೈತನ ಹೊಲದಲ್ಲಿ ಹಾಗೆಯೇ ನಿಂತಿದೆ. ಹಿಂಡನ್ನು ಹಿಡಿದು ಮಾರುವ ಹಾದಿ ಮುಚ್ಚಿತು, ಮುಚ್ಚಬೇಕಾದದ್ದೇ. ಕಂದಕ ತೋಡಿದ್ದಾರೆ, ವಿದ್ಯುತ್ ಬೇಲಿ ಕಟ್ಟಿದ್ದಾರೆ, ಹಳೆಯ ರೈಲು ಕಂಬಿಗಳನ್ನು ನೆಟ್ಟಿದ್ದಾರೆ. ಒಂದು ಕಡೆ ಒದಗಿದ್ದು ಇನ್ನೊಂದು ಕಡೆ ಒದಗುವುದಿಲ್ಲ. ಮಣ್ಣು ಸಡಿಲವಾದ ಕಡೆ ಕಂದಕ ಕುಸಿಯುತ್ತದೆ; ಹೊಳೆ ಹರಿಯುವ ಕಡೆ ಬೇಲಿ ಕಡಿಯುತ್ತದೆ. ಎಲ್ಲ ಕಾಡಂಚಿಗೂ ಸಲ್ಲುವ ಒಂದೇ ಉಪಾಯವನ್ನು ಹುಡುಕುವವರಿಗೆ ಸ್ಯಾಂಡರ್ಸನ್ನನ ಕೋವಿಗಳ ಅಧ್ಯಾಯವನ್ನು ಓದಲು ಹೇಳಬೇಕೆಂದು ನನಗೆ ಅನ್ನಿಸುವುದುಂಟು. ಮೃಗವನ್ನೂ ನೆಲವನ್ನೂ ಅರಿಯದೆ ಸಾಧನವನ್ನು ಆರಿಸಬಾರದೆಂಬ ಪಾಠ ಅಲ್ಲಿದೆ.

ಹಾಗಾದರೆ ಈ ಮನುಷ್ಯನನ್ನು ನಾವು ನಮ್ಮವನೆಂದು ಎಣಿಸಬಹುದೇ? ಕೊಂದ ಆನೆಗಳ ಕಡೆಯಿಂದ ಕೇಳಿದರೆ ಇಲ್ಲ. ಪರಕೀಯ ಸರ್ಕಾರದ ಬೊಕ್ಕಸಕ್ಕೆ ನಮ್ಮ ಕಾಡಿನ ಜೀವಗಳನ್ನು ಹಣವನ್ನಾಗಿ ಮಾರ್ಪಡಿಸಿಕೊಟ್ಟವನೆಂಬುದೂ ಸುಳ್ಳಲ್ಲ. ಆದರೆ ಈ ಸೀಮೆಯ ಕಾಡನ್ನು, ಅದರ ಪ್ರಾಣಿಗಳನ್ನು, ಅವುಗಳೊಡನೆ ಬಾಳುವ ಸೋಲಿಗ ಕುರುಬರನ್ನು ಕಣ್ಣಾರೆ ಕಂಡು, ಕಂಡದ್ದನ್ನು ಕಂಡಂತೆ ಬರೆದಿಟ್ಟವನೂ ಅವನೇ. ಅಂಥ ಒಂದು ಪುಸ್ತಕವನ್ನು ಆ ಕಾಲದಲ್ಲಿ ನಮ್ಮವರಾರೂ ಬರೆಯಲಿಲ್ಲ. ಬರೆಯಬಲ್ಲವರು ಬೆಟ್ಟವನ್ನು ಹತ್ತಲಿಲ್ಲ. ಬೆಟ್ಟವನ್ನು ಬಲ್ಲ ಸೋಲಿಗನ ಕೈಗೆ ಅಕ್ಷರ ದೊರೆಯಲಿಲ್ಲ.

ತಂದೆಯ ನಿಘಂಟನ್ನು ನಾವು ಕೃತಜ್ಞತೆಯಿಂದ ಬಳಸಿದೆವು, ಅದರ ತಪ್ಪುಗಳನ್ನು ತಿದ್ದಿದೆವು, ಅದರಾಚೆಗೆ ನಡೆದೆವು. ಮಗನ ಪುಸ್ತಕದೊಡನೆಯೂ ನಾವು ಹಾಗೆಯೇ ನಡೆದುಕೊಳ್ಳಬೇಕು. ಅವನ ಕೋವಿ ನಮಗೆ ಬೇಡ. ಆ ಕೋವಿಯನ್ನು ಆರಿಸುವ ಮುನ್ನ ಅವನು ತೋರಿದ ತಾಳ್ಮೆ, ಪ್ರಾಣಿಯನ್ನು ಅದರ ಹೆಜ್ಜೆಯಿಂದ ಅಳೆದ ಶ್ರದ್ಧೆ, ಗುಂಡನ್ನು ತೆಗೆದಿಟ್ಟು ಸದ್ದೊಂದರಿಂದಲೇ ಕೆಲಸ ಸಾಧಿಸಬಹುದೆಂದು ಕಂಡುಕೊಂಡ ಬುದ್ಧಿ ನಮಗೆ ಬೇಕು. ಮಳೆಗಾಲದ ಇರುಳಿನಲ್ಲಿ, ಅಟ್ಟಣೆಯ ಮೇಲೆ ಕುಳಿತು, ತಗಡನ್ನು ಬಡಿಯುತ್ತ, ಪಟಾಕಿ ಹಚ್ಚುತ್ತ ರಾಗಿಯ ಹೊಲವನ್ನು ಕಾಯುವ ಈ ಸೀಮೆಯ ರೈತನು ಸ್ಯಾಂಡರ್ಸನ್ನನ ಹೆಸರನ್ನು ಕೇಳಿರಲಾರನು. ಆದರೆ ಅವನ ಕೈಯಲ್ಲಿರುವುದು ಅದೇ ಹಳೆಯ ಆಯುಧ, ಗುಂಡಿಲ್ಲದ ಸದ್ದು.